ಕಂಪ್ಯೂಟರಿಗೆ ಪ್ರಸ್ಥಾನ ಇಟ್ಟ ಭಾನುವಾರ

ಆ ಭಾನುವಾರ ಬೆಳಿಗ್ಗೆ ಎದ್ದಾಗ ನನ್ನ ಮನಸ್ಸಿನಲ್ಲಿ ಯಾವ ಅನುಮಾನವೂ ಇರಲಿಲ್ಲ. ಒಂದು ಮುಚ್ಚಳ ಬಿಚ್ಚಬೇಕು, ಬಸ್ ಟಿಕೆಟ್ಟಿನಷ್ಟು ಅಗಲದ ಒಂದು ಪಟ್ಟಿಯನ್ನು ಒಳಗೆ ಸಿಕ್ಕಿಸಬೇಕು, ಮುಚ್ಚಳ ಮುಚ್ಚಬೇಕು. ಒಟ್ಟು ಹತ್ತು ನಿಮಿಷದ ಕೆಲಸ. ಉಳಿದ ಸಮಯದಲ್ಲಿ ಒಂದು ಕಾಫಿ ಕುಡಿಯಬಹುದು ಎಂದೂ ಯೋಚಿಸಿದ್ದೆ.

ನಾನು ನ್ಯಾಯಾಲಯದಲ್ಲಿ ಬೆರಳಚ್ಚುಗಾರ. ಸಾಕ್ಷಿಗಳು ಹೇಳಿದ್ದನ್ನು ಹೇಳಿದ ಹಾಗೆ ದಾಖಲಿಸುವುದು ನನ್ನ ವೃತ್ತಿ. ಅದೇ ಅಭ್ಯಾಸದಿಂದ ಇಲ್ಲಿಯೂ ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ. ಎಲ್ಲೂ ಸೇರಿಸಿಲ್ಲ. ಕಳೆಯಬೇಕು ಅನ್ನಿಸಿದ ಕಡೆಯೂ ಕಳೆದಿಲ್ಲ. 

ನನ್ನ ಹೆಂಡತಿ ವಸಂತಿ, ಕಣ್ಣು ಕಾಣದವರಿಗಾಗಿ ಪುಸ್ತಕಗಳನ್ನು ಗಟ್ಟಿಯಾಗಿ ಓದಿ ಧ್ವನಿಮುದ್ರಿಸಿ ಕೊಡುತ್ತಾಳೆ. ಚಾಮರಾಜಪೇಟೆಯ ನಮ್ಮ ಮನೆಯ ಹಿಂದಿನ ಕೋಣೆ ಅದಕ್ಕಾಗಿಯೇ ಮೀಸಲು. ಗೋಡೆಗಳಿಗೆ ಹಳೆಯ ಹಾಸಿಗೆ ಒರಗಿಸಿ, ಕಿಟಕಿಗೆ ರಜಾಯಿ ಹೊದಿಸಿ, ಹೊರಗಿನ ಸದ್ದು ಬರದ ಹಾಗೆ ಮಾಡಿಕೊಂಡಿದ್ದಾಳೆ. ನಡುವೆ ಅವಳ ಕಂಪ್ಯೂಟರ್. ಅದು ಸಾಧಾರಣದ್ದಲ್ಲ. ಮುಚ್ಚಿಹೋದ ಒಂದು ಅನಿಮೇಷನ್ ಕಚೇರಿಯಿಂದ ಬಂದ ವರ್ಕ್‌ಸ್ಟೇಷನ್. ನೋಡಲು ಸಣ್ಣ ಬೀರು. ಎತ್ತಲು ರುಬ್ಬುವ ಕಲ್ಲು.

ಕಳೆದ ನಾಲ್ಕು ತಿಂಗಳಿಂದ ವಸಂತಿ ಓದುತ್ತಿದ್ದದ್ದು ಸರ್ಕಾರಿ ನೌಕರರ ಸೇವಾ ನಿಯಮಾವಳಿ. ಓಕಳಿಪುರಂನ ರತ್ನ ಎಂಬವರಿಗಾಗಿ. ರತ್ನ ಒಂದು ಸರ್ಕಾರಿ ಕಚೇರಿಯಲ್ಲಿ ಟೆಲಿಫೋನ್ ಆಪರೇಟರ್. ಹುಟ್ಟಿನಿಂದಲೇ ಕಣ್ಣು ಕಾಣುವುದಿಲ್ಲ. ಇಲಾಖಾ ಪರೀಕ್ಷೆ ಪಾಸಾದರೆ ಬಡ್ತಿ. ಎರಡು ಸಲ ಕೂತು, ಎರಡು ಸಲವೂ ನಾಲ್ಕೈದು ಅಂಕದಲ್ಲಿ ತಪ್ಪಿತ್ತು. ಈ ಸಲದ ಪರೀಕ್ಷೆಗೆ ಹನ್ನೆರಡು ದಿನ ಉಳಿದಿತ್ತು. ಕೊನೆಯ ಏಳು ಅಧ್ಯಾಯಗಳು ಅವರಿಗೆ ಇನ್ನೂ ತಲುಪಿರಲಿಲ್ಲ.

ತಲುಪದೆ ಇರಲು ಕಾರಣ ಒಂದು ಸದ್ದು. ಅದನ್ನು ಕಂಡುಹಿಡಿದವರೂ ರತ್ನ ಅವರೇ.

"ಮೇಡಂ, ತಪ್ಪು ತಿಳ್ಕೋಬೇಡಿ," ಎಂದು ಒಂದು ದಿನ ಫೋನ್ ಮಾಡಿದರು. "ನೀವು ಓದುವಾಗ ಹಿಂದೆ ಯಾರೋ ಹಲ್ಲು ಕಡೀತಾ ಇರ್ತಾರೆ. ಸಾರ್‌ಗೆ ಏನಾದ್ರೂ ಕೋಪಾನಾ?"

ಸಾರ್‌ಗೆ ಕೋಪವಿರಲಿಲ್ಲ. ಹಲ್ಲು ಕಡಿಯುತ್ತಿದ್ದದ್ದು ಕಂಪ್ಯೂಟರಿನ ಹಳೆಯ ಹಾರ್ಡ್ ಡಿಸ್ಕ್. ವಸಂತಿಯ ನಾಲ್ಕು ತಿಂಗಳ ಓದೆಲ್ಲ ಇದ್ದದ್ದು, ಯಂತ್ರವನ್ನು ಎಬ್ಬಿಸುವ ಸದ್ದಿಲ್ಲದ ಪುಟ್ಟ ಡಿಸ್ಕಿನಲ್ಲಲ್ಲ, ಅದರಲ್ಲೇ. ಅದು ತಿರುಗಿದಾಗಲೆಲ್ಲ ಕರಕರ ಎನ್ನುತ್ತಿತ್ತು, ಮೈಕು ಅದನ್ನು ಭಕ್ತಿಯಿಂದ ಹಿಡಿದುಕೊಳ್ಳುತ್ತಿತ್ತು. ವಸಂತಿ ಒಂದೊಂದು ಅಧ್ಯಾಯಕ್ಕೂ ಕೂತು ಆ ಸದ್ದನ್ನು ಗುಂಜು ಗುಂಜಾಗಿ ಬಿಡಿಸಿ ತೆಗೆಯುತ್ತಿದ್ದಳು. ಹಲಸಿನ ತೊಳೆ ಬಿಡಿಸಿದ ಹಾಗೆ. ಹೀಗಾದರೆ ಪರೀಕ್ಷೆಯೊಳಗೆ ಮುಗಿಯುವುದಿಲ್ಲ ಎಂದು ಗೊತ್ತಾದ ಮೇಲೆ ನಾನು ಎಸ್.ಪಿ. ರಸ್ತೆಗೆ ಹೋಗಿ, ಹಾರ್ಡ್ ಡಿಸ್ಕಿನ ಬದಲು ಹಾಕುವ ಒಂದು ಎಸ್‌ಎಸ್‌ಡಿ ತಂದೆ.

"ಇದ್ರಲ್ಲಿ ತಿರುಗೋದು ಏನೂ ಇಲ್ಲ ಸಾರ್," ಎಂದಿದ್ದ ಅಂಗಡಿಯವನು. "ಮಿಂಚಿನ ಸ್ಪೀಡು. ಸದ್ದೇ ಬರಲ್ಲ. ಒಳಗೆ ಇದೆಯೋ ಇಲ್ವೋ ಅಂತ ನಿಮಗೇ ಡೌಟ್ ಬರುತ್ತೆ."

ಅವನ ಮಾತು ಇಷ್ಟು ನಿಜವಾಗುತ್ತದೆ ಎಂದು ನನಗೆ ಆಗ ತಿಳಿದಿರಲಿಲ್ಲ.

"ರೀ, ನೀವು ಕೈ ಹಾಕ್ಬೇಡಿ," ಎಂದಳು ವಸಂತಿ. "ಸೋಮವಾರ ರಿಪೇರಿಯವರು ಬರ್ತೀನಿ ಅಂದಿದಾರೆ."

"ಇದಕ್ಕೆ ರಿಪೇರಿಯವರು ಯಾಕೆ? ಇದೇನು ಹಾರ್ಟ್ ಆಪರೇಷನ್ನಾ?"

"ಮಿಕ್ಸಿ ಆಪರೇಷನ್ ಜ್ಞಾಪಕ ಇದೆಯಾ?"

ಮಿಕ್ಸಿಯ ವಿಷಯ ಪ್ರಸ್ತುತ ಪ್ರಕರಣಕ್ಕೆ ಸಂಬಂಧಿಸಿದ್ದಲ್ಲ.  ನಾನು ಮನಸ್ಸಿನಲ್ಲೇ ನಿರ್ಧರಿಸಿದೆ. ಭಾನುವಾರ ಸಂಜೆ ವಸಂತಿ ವೈಯಾಲಿಕಾವಲ್‌ನಲ್ಲಿ ಅವಳ ತಮ್ಮನ ಮಗಳ ಸೀಮಂತದ ಆರತಿಗೆ ಹೋಗುವವಳಿದ್ದಳು. ನಾಲ್ಕೂ ಕಾಲಿಗೆ ಹೊರಟರೆ ಏಳಕ್ಕೆ ವಾಪಸ್ಸು. ಬಂದು ಕಂಪ್ಯೂಟರ್ ಹಾಕಿದಾಗ ಪೂರ್ಣ ನಿಶ್ಶಬ್ದ! ಅವಳು ಬೆರಗಾಗಿ ತಿರುಗಿ ನೋಡುವುದನ್ನೂ ನಾನು ಕಲ್ಪಿಸಿಕೊಂಡಿದ್ದೆ.

ಮುನ್ನೆಚ್ಚರಿಕೆಯಾಗಿ ಶನಿವಾರವೇ ಬ್ಯಾಕಪ್ ತೆಗೆದೆ. ಪರದೆಯ ಮೇಲೆ 'ರತ್ನ' ಎಂಬ ಹಳದಿ ಗುರುತಿತ್ತು. ಅದನ್ನು ಪೆನ್‌ಡ್ರೈವಿಗೆ ಎಳೆದು ಬಿಟ್ಟೆ. ಒಂದು ಸೆಕೆಂಡೂ ಹಿಡಿಯಲಿಲ್ಲ. ಹದಿನೆಂಟು ಅಧ್ಯಾಯ ಒಂದೇ ಸೆಕೆಂಡಿನಲ್ಲಿ! ಪೆನ್‌ಡ್ರೈವನ್ನು ದೇವರ ಮನೆಯ ಗೂಡಿನಲ್ಲಿ ಇಟ್ಟು ನಿಶ್ಚಿಂತನಾದೆ.

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ವಸಂತಿ ಹೂವು ಹಣ್ಣು ತರಲು ಗಾಂಧಿ ಬಜಾರಿಗೆ ಹೋದಾಗ, ಅಮ್ಮನಿಗೆ ನನ್ನ ಯೋಜನೆ ತಿಳಿಸಿದೆ. ಅಮ್ಮನಿಗೆ ಎಂಬತ್ತೆರಡು. ಕಿವಿ ಸ್ವಲ್ಪ ಮಂದ. ಪಂಚಾಂಗ ಸ್ಪಷ್ಟ.

"ಎಷ್ಟೊತ್ತಿಗೋ ಬಿಚ್ಚೋದು?"

"ಅವಳು ಹೊರಟ ಮೇಲೆ. ನಾಲ್ಕೂವರೆಗೆ."

"ಭಾನುವಾರ ನಾಲ್ಕೂವರೆಗೆ ರಾಹುಕಾಲ ಕಣೋ! ಆರರವರೆಗೂ ಇರುತ್ತೆ. ಓದು ಬರಹ ಇರೋ ಪೆಟ್ಟಿಗೇನ ಆ ಹೊತ್ತಲ್ಲಿ ಬಿಚ್ತೀಯಾ? ಪಾಪ, ಆ ಹುಡುಗಿ ಪರೀಕ್ಷೆ ಬೇರೆ."

"ಆರರ ಮೇಲಾದ್ರೆ ವಸಂತಿ ಬಂದ್ಬಿಡ್ತಾಳಮ್ಮಾ."

ಅಮ್ಮ ಒಂದು ನಿಮಿಷ ಯೋಚಿಸಿದಳು. ಅನಂತರ ಪರಿಹಾರ ಹೇಳಿದಳು: "ಪ್ರಸ್ಥಾನ ಇಟ್ಬಿಡು."

ನಮ್ಮ ಕಡೆ ಒಂದು ಪದ್ಧತಿ ಇದೆ. ಪ್ರಯಾಣ ಹೊರಡಬೇಕಾದ ಹೊತ್ತು ಸರಿಯಿಲ್ಲದಿದ್ದರೆ, ಮೊದಲೇ ಒಳ್ಳೆಯ ಹೊತ್ತು ನೋಡಿ ಒಂದು ಚೀಲವನ್ನು ಬೇರೆಯವರ ಮನೆಯಲ್ಲಿ ಇಟ್ಟುಬರುವುದು. ಅಲ್ಲಿಗೆ ಪ್ರಯಾಣ ಶುರುವಾದ ಲೆಕ್ಕ. ಆಮೇಲೆ ಯಾವ ಹೊತ್ತಿಗೆ ಹೊರಟರೂ ದೋಷವಿಲ್ಲ. ಹಾಗೆಯೇ ಕಂಪ್ಯೂಟರನ್ನು ಈಗಲೇ ಒಂಚೂರು ಬಿಚ್ಚಿ, ಬಿಚ್ಚಿದ ಸಾಮಾನನ್ನು ಬೇರೆ ಮನೆಯಲ್ಲಿ ಇಟ್ಟರೆ, ಕೆಲಸ ಶುರುವಾದ ಹಾಗೆ. ಕಾನೂನಿನ ದೃಷ್ಟಿಯಿಂದ ನನಗೆ ಇದರಲ್ಲಿ ಲೋಪ ಕಾಣಲಿಲ್ಲ.

ಪಕ್ಕದ ಫಲಕದ ನಾಲ್ಕು ಸ್ಕ್ರೂ ಬಿಚ್ಚಿದೆ. ಒಳಗೆ ಇಣುಕಿದಾಗ, ಎಸ್‌ಎಸ್‌ಡಿ ಕೂರಬೇಕಾದ ಜಾಗದಲ್ಲಿ ಸಾಸಿವೆಗಿಂತ ಸ್ವಲ್ಪ ದೊಡ್ಡದಾದ ಒಂದು ಸ್ಕ್ರೂ ಕಂಡಿತು. ಅದನ್ನೂ ಬಿಚ್ಚಿದೆ. ಕೆಲಸ ಶುರುವಾಗಬೇಕಾದರೆ ಸರಿಯಾಗಿಯೇ ಶುರುವಾಗಲಿ! ಐದನ್ನೂ ಅಮ್ಮನ ಕುಂಕುಮದ ಭರಣಿಗೆ ಹಾಕಿ, ಎದುರು ಸಾಲಿನ ಮೂರನೇ ಮನೆಯ ಪ್ರಭಾವತಿಯವರಿಗೆ ಕೊಟ್ಟು ಬಂದೆ.

ಪ್ರಭಾವತಿಯವರು ರೈಲ್ವೆಯ ಸಿಗ್ನಲ್ ವಿಭಾಗದಲ್ಲಿ ಟೆಕ್ನಿಷಿಯನ್ ಆಗಿದ್ದು ನಿವೃತ್ತರಾದವರು. ಅವರ ನಡುಮನೆಯಲ್ಲಿ ಬುದ್ಧನ ದೊಡ್ಡ ಚಿತ್ರ, ಅದರ ಕೆಳಗೆ ಒಂದರ ಪಕ್ಕ ಒಂದು ಜೋಡಿಸಿದ ಸ್ಪ್ಯಾನರುಗಳು. ಅವರು ಭರಣಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು.

"ನಾನು ರಾಹುಕಾಲ ನೋಡೋಳಲ್ಲ ಮೂರ್ತಿಯವರೇ," ಎಂದರು. "ಆದ್ರೆ ಅಮ್ಮಾವ್ರು ಕೊಟ್ಟಿದ್ದು ಅಂದ್ಮೇಲೆ ಜೋಪಾನವಾಗಿ ಇಡ್ತೀನಿ."

ಜೋಪಾನವಾಗಿಯೇ ಇಟ್ಟರು. ಅದೇ ತೊಂದರೆಯಾಯಿತು.

ವಸಂತಿ ಹತ್ತೂವರೆಗೆ ಮರಳಿ ಕಂಪ್ಯೂಟರಿನ ಮುಂದೆ ಕೂತಳು. ಒಂದೂ ಸ್ಕ್ರೂ ಇಲ್ಲದ ಫಲಕವನ್ನು ನಾನು ಸುಮ್ಮನೆ ಒರಗಿಸಿ ಇಟ್ಟಿದ್ದೆ. ಅದು ಡಿಸ್ಕಿನ ಜೊತೆ ಸೇರಿ ತಾಳ ಹಾಕತೊಡಗಿತು.

"ರೀ, ಇವತ್ತು ಸದ್ದು ಜಾಸ್ತಿ ಅಲ್ವಾ?"

"ಹವಾಮಾನ ಇರಬಹುದು," ಎಂದೆ.

ಸಂಜೆ ನಾಲ್ಕೂ ಹದಿನೆಂಟಕ್ಕೆ ವಸಂತಿಯ ಆಟೋ ತಿರುವಿನಲ್ಲಿ ಮರೆಯಾಯಿತು. ನಾಲ್ಕೂವರೆಗೆ ಸರಿಯಾಗಿ ನಾನು ಕೆಲಸ ಆರಂಭಿಸಿದೆ. ಮೈಮೇಲೆ ಸ್ಟ್ಯಾಟಿಕ್ ಕರೆಂಟ್ ಇರುತ್ತದೆ, ಮುಟ್ಟುವ ಮೊದಲು ಕಬ್ಬಿಣ ಮುಟ್ಟಿ ಎಂದು ಅಂಗಡಿಯವನು ಹೇಳಿದ್ದ. ನಾನು ಕಿಟಕಿಯ ಸರಳನ್ನು ಮುಟ್ಟಿ, ಅನಂತರ ಬೇರೇನನ್ನೂ ಮುಟ್ಟದೆ ಕೈಗಳನ್ನು ಮೇಲೆತ್ತಿಕೊಂಡು ನಡೆದು ಬಂದೆ.

"ಮಡೀಲಿ ಮಾಡ್ತಿದೀಯಾ? ಒಳ್ಳೇದು," ಎಂದು ಅಮ್ಮ ಮೆಚ್ಚಿಕೊಂಡಳು.

ಎಸ್‌ಎಸ್‌ಡಿಯನ್ನು ಸ್ಲಾಟಿಗೆ ತಳ್ಳಿದೆ. ಒಳಗೆ ಹೋಯಿತು. ಆದರೆ ಮಲಗಲಿಲ್ಲ. ಒಂದು ತುದಿ ಮೇಲೆದ್ದು, ಸಲಾಮು ಹೊಡೆಯುವ ಪೊಲೀಸಿನವನ ಕೈಯ ಹಾಗೆ ನಿಂತಿತು. ಒತ್ತಿ ಹಿಡಿದರೆ ಮಲಗುತ್ತದೆ, ಬಿಟ್ಟರೆ ಮತ್ತೆ ಸಲಾಮು. ಅದನ್ನು ಕೆಳಗೆ ಹಿಡಿದಿಡಬೇಕಾದದ್ದು ಆ ಸಾಸಿವೆ ಗಾತ್ರದ ಸ್ಕ್ರೂ. ಅದು ಪ್ರಸ್ಥಾನದಲ್ಲಿತ್ತು.

"ಅಮ್ಮಾ, ಪ್ರಭಾವತಿಯವರ ಮನೆಗೆ ಹೋಗಿ ಭರಣಿ ತಂದ್ಬಿಡ್ತೀನಿ."

ಅಮ್ಮ ಎದ್ದು ಬಾಗಿಲಿಗೆ ಅಡ್ಡ ನಿಂತಳು. "ತರ್ತೀಯಾ? ಪ್ರಸ್ಥಾನ ಇಟ್ಟಿದ್ದನ್ನ ಯಾರಾದ್ರೂ ವಾಪಸ್ ಮನೆಗೆ ತರ್ತಾರೇನೋ? ಹೊರಟ ಕೆಲಸ ಕೆಟ್ಟು ಕೂತ್ಕೊಳ್ಳುತ್ತೆ! ನಾವು ಅಲ್ಲಿಗೆ ಹೋಗಿ, ಅದನ್ನ ತಗೊಂಡು ಮುಂದಕ್ಕೆ ಹೋಗ್ಬೇಕು."

"ಕಂಪ್ಯೂಟರ್ ಎಲ್ಲಿಗಮ್ಮಾ ಮುಂದಕ್ಕೆ ಹೋಗುತ್ತೆ?"

"ಅದು ನಂಗೊತ್ತಿಲ್ಲ. ಸ್ಕ್ರೂ ಈ ಹೊಸ್ತಿಲು ದಾಟಿ ಒಳಗೆ ಬರಕೂಡ್ದು. ಆ ಹುಡುಗಿ ಎರಡು ಸಲ ಫೇಲಾಗಿದೆ."

ನಾನು ವಾದ ಮಾಡಬಹುದಿತ್ತು. ದಿನವೂ ವಾದ ಕೇಳುವವನು ನಾನು. ಆದರೆ ಗಡಿಯಾರ ಐದು ತೋರಿಸುತ್ತಿತ್ತು, ಅಮ್ಮ ಬಾಗಿಲಲ್ಲಿದ್ದಳು. ಸ್ಕ್ರೂ ಕಂಪ್ಯೂಟರಿನ ಬಳಿಗೆ ಬರುವ ಹಾಗಿಲ್ಲ. ಉಳಿದದ್ದು ಒಂದೇ ದಾರಿ. ಕಂಪ್ಯೂಟರೇ ಸ್ಕ್ರೂವಿನ ಬಳಿಗೆ ಹೋಗಬೇಕು!

ಹೊತ್ತುಕೊಂಡು ಹೊರಟೆ. ಒಂದು ಬದಿ ಪೂರ್ತಿ ತೆರೆದಿತ್ತು. ಎಸ್‌ಎಸ್‌ಡಿ ದಾರಿಯುದ್ದಕ್ಕೂ ಬಂದವರಿಗೆಲ್ಲ ಸಲಾಮು ಮಾಡುತ್ತಿತ್ತು. ಪರದೆ ಇದ್ದ ಮೇಜಿನ ಮೇಲಿಂದ ಸೇವಾ ನಿಯಮಾವಳಿ ಬಿದ್ದ ಸದ್ದು ಹಿಂದೆ ಕೇಳಿಸಿತು, ತಿರುಗಿ ನೋಡುವ ಸ್ಥಿತಿಯಲ್ಲಿ ನಾನಿರಲಿಲ್ಲ. ರಸ್ತೆಯ ನಡುವೆ ಹಳೇ ಪೇಪರ್ ಕೊಳ್ಳುವವನು ಸೈಕಲ್ ನಿಲ್ಲಿಸಿದ.

"ಕೊಡ್ತೀರಾ ಸಾರ್? ಕಬ್ಬಿಣದ ರೇಟಲ್ಲಿ ತಗೋತೀನಿ."

"ಇಲ್ಲಪ್ಪಾ, ಇದು ಕೆಲಸ ಮಾಡುತ್ತೆ," ಎಂದೆ.

ಅವನು ಒಳಗೆ ಇಣುಕಿ ನೋಡಿದ. ನನ್ನನ್ನೂ ನೋಡಿದ. "ಇವಾಗ್ಲೇ ಬೇಡ. ವಾಪಸ್ ಬರ್ತಾ ಕೇಳ್ತೀನಿ," ಎಂದು ಪೆಡಲ್ ತುಳಿದ.

ಪ್ರಭಾವತಿಯವರು ಊಟದ ಮೇಜಿನ ಮೇಲೆ ಬಟ್ಟೆ ಹಾಸಿ ಯಂತ್ರವನ್ನು ಇರಿಸಿಕೊಂಡರು. ಅವರ ಮುಖದಲ್ಲಿ ಸಂತೋಷ ಕಂಡಿತು. ಭರಣಿಯನ್ನು ತಂದು ಕೊಟ್ಟರು. ಮುಚ್ಚಳ ತೆಗೆದೆ. ಒಳಗೆ ಬರೀ ಕುಂಕುಮದ ಪುಡಿ!

"ಸ್ಕ್ರೂ ಎಲ್ಲಿ ಮೇಡಂ?"

"ಅವನ್ನ ಒರೆಸಿ ಜೋಡಿಸಿ ಇಟ್ಟಿದೀನಿ. ದೊಡ್ಡದು ಚಿಕ್ಕದು ಒಂದೇ ಡಬ್ಬೀಲಿ ಹಾಕಿದ್ರೆ ನನಗೆ ಸಮಾಧಾನ ಇರಲ್ಲ ಮೂರ್ತಿಯವರೇ. ನಲವತ್ತು ವರ್ಷದ ಅಭ್ಯಾಸ."

ಗೋಡೆಯ ಕಪಾಟನ್ನು ತೆರೆದರು. ಡಬ್ಬಿಗಳ ಸಾಲು ಸಾಲು. ಪ್ರತಿಯೊಂದರ ಮೇಲೂ ಚೀಟಿ. ನಮ್ಮ ನಾಲ್ಕು ದೊಡ್ಡ ಸ್ಕ್ರೂಗಳು ಅವುಗಳ ಜಾತಿಬಾಂಧವರ ನಡುವೆ ಸೇರಿಹೋಗಿದ್ದವು. ಚಿಕ್ಕದು 'ಕನ್ನಡಕ, ಗಡಿಯಾರ, ಇತ್ಯಾದಿ' ಎಂಬ ಡಬ್ಬಿಯಲ್ಲಿತ್ತು. ಅದರಲ್ಲಿ ಅಂಥವು ಬಹಳ ಇದ್ದವು. ನಾನು ಒಂದೊಂದಾಗಿ ಕೂರಿಸಿ ನೋಡಿದೆ. ಒಂದು ಸಡಿಲ. ಒಂದು ಬಿಗಿ. ಒಂದು ಅರ್ಧಕ್ಕೆ ಹೋಗಿ ನಿಂತಿತು. ಒಂದು ನನ್ನ ಬೆರಳಿನಿಂದ ಜಾರಿ ನೆಲಕ್ಕೆ ಬಿದ್ದು, ಈ ಬರಹ ಬರೆಯುವವರೆಗೂ ಪತ್ತೆಯಿಲ್ಲ. ಐದೂ ನಲವತ್ತಕ್ಕೆ ಪ್ರಭಾವತಿಯವರು ಭೂತಗನ್ನಡಿ ಹಿಡಿದು ಡಬ್ಬಿಯೊಳಗೆ ನೋಡಿ, "ಇದಕ್ಕೆ ಮಾತ್ರ ಕುಂಕುಮ ಇದೆ ನೋಡಿ," ಎಂದು ಚಿಮುಟದಲ್ಲಿ ಒಂದನ್ನು ಎತ್ತಿಕೊಟ್ಟರು.

ಅದೇ! ಎಸ್‌ಎಸ್‌ಡಿ ಮಲಗಿತು. ಸಲಾಮು ನಿಂತಿತು.

ಅವರ ಟಿವಿಗೇ ತಂತಿ ಸಿಕ್ಕಿಸಿ ಕಂಪ್ಯೂಟರ್ ಹಾಕಿದೆವು. ದೊಡ್ಡ ಪರದೆಯ ಮೇಲೆ ಎಲ್ಲ ಸರಿಯಾಗಿ ಬಂತು. 'ರತ್ನ' ಎಂಬ ಹಳದಿ ಗುರುತೂ ಬಂತು. ಒತ್ತಿದೆ. 'ಈ ಜಾಗ ಸಿಗುತ್ತಿಲ್ಲ' ಎಂದಿತು. ಮತ್ತೆ ಒತ್ತಿದೆ. ಮತ್ತೆ ಅದೇ. ಹೊಸ ಎಸ್‌ಎಸ್‌ಡಿಯೂ ಪಟ್ಟಿಯಲ್ಲಿ ಕಾಣಲಿಲ್ಲ. ಅದು ಹೋಗಲಿ, ಹಳೆಯ ಹಾರ್ಡ್ ಡಿಸ್ಕೇ ಕಾಣಲಿಲ್ಲ! ನಾಲ್ಕು ತಿಂಗಳ ಓದು, ಹದಿನೆಂಟು ಅಧ್ಯಾಯ, ಎಲ್ಲವನ್ನೂ ಹೊತ್ತಿದ್ದ ಡಿಸ್ಕು, ಎಂದೂ ಇರಲೇ ಇಲ್ಲವೆಂಬಂತೆ ಮಾಯವಾಗಿತ್ತು.

"ಬ್ಯಾಕಪ್ ಇದೆಯಲ್ಲಾ?" ಎಂದರು ಪ್ರಭಾವತಿಯವರು.

ಇದೆ! ಓಡಿಹೋಗಿ ದೇವರ ಗೂಡಿನಿಂದ ಪೆನ್‌ಡ್ರೈವ್ ತಂದು ಸಿಕ್ಕಿಸಿದೆ. 'ರತ್ನ' ಇತ್ತು. ಒತ್ತಿದೆ. 'ಈ ಜಾಗ ಸಿಗುತ್ತಿಲ್ಲ.'

ಪ್ರಭಾವತಿಯವರು ಪರದೆಯ ಹತ್ತಿರ ಹೋಗಿ ನೋಡಿದರು. "ಇದರ ಮೂಲೇಲಿ ಒಂದು ಬಾಣದ ಗುರುತಿದೆ ನೋಡಿ ಮೂರ್ತಿಯವರೇ. ಇದು ಫೈಲಲ್ಲ. ಫೈಲು ಎಲ್ಲಿದೆ ಅಂತ ತೋರಿಸೋ ಶಾರ್ಟ್‌ಕಟ್ಟು."

ಅರ್ಥವಾಗಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ನಾನು ಮನೆಯನ್ನು ಜೋಪಾನ ಮಾಡಿರಲಿಲ್ಲ. ಮನೆಯ ವಿಳಾಸವನ್ನು ಚೀಟಿಯಲ್ಲಿ ಬರೆದು ದೇವರ ಮುಂದೆ ಇಟ್ಟಿದ್ದೆ.

ಕುರ್ಚಿಯಲ್ಲಿ ಕೂತೆ.  ವಸಂತಿ ಬೆಳಗಿನ ಜಾವ ಎದ್ದು, ಹಾಲಿನವರು ಬರುವ ಮೊದಲು, ರಸ್ತೆ ಎಚ್ಚರವಾಗುವ ಮೊದಲು, ಮುಚ್ಚಿದ ಕೋಣೆಯಲ್ಲಿ ಫ್ಯಾನೂ ಹಾಕದೆ ಬೆವರುತ್ತಾ ಓದಿದ್ದು ಕಣ್ಣ ಮುಂದೆ ಬಂತು. ಹನ್ನೆರಡು ದಿನದಲ್ಲಿ ಅವಳು ಉಳಿದ ಏಳು ಅಧ್ಯಾಯಗಳನ್ನೂ ಮತ್ತೆ ಓದಲಾರಳು. ಓದಿದರೂ ರತ್ನ ಕೇಳಿ ಮುಗಿಸಲಾರರು. ಆಗ ಏನಾಗುತ್ತದೆ ಎಂದು ಯೋಚಿಸುವಷ್ಟರಲ್ಲಿ ನನ್ನ ಫೋನ್ ಹೊಡೆದುಕೊಂಡಿತು.

ರತ್ನ!

"ಸಾರ್ ನಮಸ್ಕಾರ. ಮೇಡಂ ಫೋನ್ ಎತ್ತಲಿಲ್ಲ. ಹನ್ನೆರಡನೇ ಅಧ್ಯಾಯ ಇವತ್ತು ಸಿಗುತ್ತಾ ಅಂತ ಕೇಳೋಣ ಅಂತ."

"ಸಿಗುತ್ತಮ್ಮಾ. ಎಲ್ಲಾ ಚೆನ್ನಾಗಿದೆ," ಎಂದೆ.

"ಸಾರ್, ನಿಮ್ಮ ಧ್ವನಿ ನಡುಗ್ತಾ ಇದೆ."

"ನೆಗಡಿ."

"ನೆಗಡಿಗೆ ಮೂಗು ಕಟ್ಟುತ್ತೆ ಸಾರ್, ಧ್ವನಿ ನಡುಗಲ್ಲ. ಹದಿನಾರು ವರ್ಷದಿಂದ ಜನರ ಧ್ವನಿ ಕೇಳೋದೇ ನನ್ನ ಕೆಲಸ. ಏನಾಯ್ತು, ಹೇಳ್ಬಿಡಿ."

ಹೇಳಿಬಿಟ್ಟೆ. ಪ್ರಸ್ಥಾನದಿಂದ ಹಿಡಿದು ಬಾಣದ ಗುರುತಿನವರೆಗೆ, ಏನನ್ನೂ ಮುಚ್ಚಿಡದೆ.  ಆ ಕಡೆ ಒಂದು ರೈಲು ಹಾದುಹೋದ ಸದ್ದು ಕೇಳಿಸಿತು. ಓಕಳಿಪುರಂನಲ್ಲಿ ಅವರ ಮನೆ ಹಳಿಯ ಪಕ್ಕದಲ್ಲೇ ಇದೆ.

"ಸಾರ್," ಎಂದರು ಕೊನೆಗೆ. "ಕಂಪ್ಯೂಟರ್ ಆನಲ್ಲಿದೆಯಾ? ಫೋನನ್ನ ಅದರ ಹತ್ತಿರ ಹಿಡೀರಿ."

ಹಿಡಿದೆ. ನಾನೂ ಪ್ರಭಾವತಿಯವರೂ ಉಸಿರು ಬಿಗಿಹಿಡಿದು ನಿಂತೆವು.

"ಇನ್ನೂ ಸ್ವಲ್ಪ ಕೆಳಗೆ. ಅಲ್ಲೇ. ಅಲ್ಲಾಡಿಸ್ಬೇಡಿ." ಒಂದು ನಿಮಿಷ ಕಳೆಯಿತು. "ಸಾರ್, ತಿರುಗ್ತಾ ಇದೆ! ನಾಲ್ಕು ತಿಂಗಳಿಂದ ಕೇಳಿದೀನಿ, ನನಗೆ ಗೊತ್ತಾಗಲ್ವಾ? ಅದೇ ಸದ್ದು, ಅದೇ ಲಯ. ಎಲ್ಲೂ ತಪ್ಪಿಲ್ಲ. ಡಿಸ್ಕು ಹೋಗಿಲ್ಲ ಸಾರ್, ಬದುಕಿದೆ."

ಆ ದರಿದ್ರ ಸದ್ದನ್ನು ನಿಲ್ಲಿಸಲೆಂದೇ ನಾನು ಇಷ್ಟೆಲ್ಲ ಮಾಡಿದ್ದು. ಈಗ ಅದು ಕೇಳಿಸುತ್ತಿದೆ ಎಂದು ನನ್ನ ಕಣ್ಣಲ್ಲಿ ನೀರು ಬಂತು!

"ಹಾಗಾದ್ರೆ ಸುಲಭ," ಎಂದು ಪ್ರಭಾವತಿಯವರು ಸೆರಗು ಸಿಕ್ಕಿಸಿಕೊಂಡರು. "ಗಾಡಿ ಸರಿಯಾಗಿದೆ, ಸಿಗ್ನಲ್ ಸಿಕ್ತಿಲ್ಲ ಅಷ್ಟೇ. ಈ ಮಿಷಿನ್ನಿನ ಬುಕ್ಕು ಇದೆಯಾ?"

ಇತ್ತು. ಅದನ್ನು ನಾನು ವಾರವಿಡೀ ಓದಿದ್ದೆ, ಜೇಬಿನಲ್ಲೇ ಇಟ್ಟುಕೊಂಡಿದ್ದೆ. ಪ್ರಭಾವತಿಯವರು ಎಸ್‌ಎಸ್‌ಡಿ ಸ್ಲಾಟಿನ ಚಿತ್ರವಿದ್ದ ಪುಟ ತೆಗೆದು, ಪುಟದ ಬುಡದಲ್ಲಿ ಇರುವೆ ಸಾಲಿನಂತಿದ್ದ ಅಕ್ಷರಗಳ ಮೇಲೆ ಭೂತಗನ್ನಡಿ ಇಟ್ಟರು.

"ಇದನ್ನ ಓದಿದ್ರಾ?"

"ಅದು ಅಡಿಟಿಪ್ಪಣಿ," ಎಂದೆ. "ಮುಖ್ಯವಾದದ್ದೆಲ್ಲ ಮೇಲೆ ಇರುತ್ತೆ."

ಮುಖ್ಯವಾದದ್ದು ಕೆಳಗಿತ್ತು. ಈ ಸ್ಲಾಟಿನಲ್ಲಿ ಎಸ್‌ಎಸ್‌ಡಿ ಹಾಕಿದರೆ, ಡಿಸ್ಕುಗಳಿಗೆ ಇರುವ ಆರು ಪೋರ್ಟುಗಳಲ್ಲಿ ಐದನೆಯದು ಮತ್ತು ಆರನೆಯದು ಕೆಲಸ ಮಾಡುವುದಿಲ್ಲ ಎಂದು ಬರೆದಿತ್ತು. ನಮ್ಮ ಹಳೆಯ ಡಿಸ್ಕಿನ ತಂತಿ ಇದ್ದದ್ದು ಐದನೆಯದರಲ್ಲಿ.

"ನಮ್ಮಲ್ಲೂ ಹೀಗೇ," ಎಂದರು ಪ್ರಭಾವತಿಯವರು. "ಒಂದು ಗಾಡಿಗೆ ಲೈನ್ ಕೊಟ್ರೆ, ಆ ಲೈನಿಗೆ ಅಡ್ಡ ಬರೋ ಇನ್ನೊಂದಕ್ಕೆ ಸಿಗ್ನಲ್ ಕೆಂಪಾಗೇ ಇರುತ್ತೆ. ಡಿಕ್ಕಿ ಆಗಬಾರ್ದಲ್ಲಾ. ನಿಮ್ಮ ಹಳೇ ಡಿಸ್ಕು ಹೊರಗಡೆ ಸಿಗ್ನಲ್ ಹತ್ರ ನಿಂತು ಹಾರ್ನ್ ಹೊಡೀತಾ ಇದೆ. ಇನ್ನೊಂದು ಲೈನಿಗೆ ತಗೊಳ್ಳಿ."

ಕಂಪ್ಯೂಟರ್ ಆರಿಸಿ, ತಂತಿಯನ್ನು ಅವರೇ ಐದರಿಂದ ಕಿತ್ತು ಮೂರಕ್ಕೆ ಸಿಕ್ಕಿಸಿದರು. ನಾನು ಟಾರ್ಚ್ ಹಿಡಿದಿದ್ದೆ. ಮತ್ತೆ ಆನ್ ಮಾಡಿದಾಗ 'ರತ್ನ' ತೆರೆದುಕೊಂಡಿತು. ಒಂದು, ಎರಡು, ಮೂರು... ಹದಿನೆಂಟೂ ಇದ್ದವು. ಹನ್ನೆರಡನೆಯದನ್ನು ಒತ್ತಿದೆ. "ಅಧ್ಯಾಯ ಹನ್ನೆರಡು, ಕಾಲ ಮೀರಿದ ರಜೆ," ಎಂದು ವಸಂತಿಯ ಧ್ವನಿ ಟಿವಿಯಲ್ಲಿ ಮೊಳಗಿತು. ಫೋನಿನಲ್ಲಿ ರತ್ನ ಚಪ್ಪಾಳೆ ತಟ್ಟಿದರು. ಆ ನಿಯಮಾವಳಿಗೆ ಈವರೆಗೆ ಯಾರಾದರೂ ಚಪ್ಪಾಳೆ ತಟ್ಟಿರುವುದು ಅನುಮಾನ.

ಆರೂ ಮುಕ್ಕಾಲಾಗಿತ್ತು. ಫಲಕಕ್ಕೆ ನಾಲ್ಕು ಸ್ಕ್ರೂ ಹಾಕಿ, ಯಂತ್ರವನ್ನು ತಬ್ಬಿಕೊಂಡು ನಾನು ರಸ್ತೆ ದಾಟುತ್ತಿದ್ದೆ. ಸರಿಯಾಗಿ ನನ್ನ ಮುಂದೆಯೇ ಒಂದು ಆಟೋ ನಿಂತಿತು. ಕೈಯಲ್ಲಿ ತಾಂಬೂಲದ ಚೀಲ ಹಿಡಿದು ವಸಂತಿ ಇಳಿದಳು.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದೆವು.

"ಎಲ್ಲಿಗೆ ಕರ್ಕೊಂಡು ಹೋಗಿದ್ರಿ ಅದನ್ನ?" ಎಂದಳು.

"ಪ್ರಸ್ಥಾನಕ್ಕೆ," ಎಂದೆ.

ಬೇರೆ ಸಂದರ್ಭದಲ್ಲಿ ಇದಕ್ಕಿಂತ ಒಳ್ಳೆಯ ಉತ್ತರ ಹೊಳೆಯುತ್ತಿತ್ತೋ ಏನೋ. ಅಷ್ಟರಲ್ಲಿ ಅವಳ ಫೋನ್ ಹೊಡೆದುಕೊಂಡಿತು. ರತ್ನ! ವಸಂತಿ ರಸ್ತೆಯಲ್ಲೇ ನಿಂತು ಪೂರ್ತಿ ಕೇಳಿದಳು. ನಡುನ‌ಡುವೆ ನನ್ನ ಕಡೆ ನೋಡುತ್ತಿದ್ದಳು. ನಾನು ರುಬ್ಬುವ ಕಲ್ಲಿನಷ್ಟು ಭಾರ ಹೊತ್ತು, ತೀರ್ಪಿಗಾಗಿ ಕಾಯುತ್ತಾ ನಿಂತಿದ್ದೆ. ಕೈ ಮರಗಟ್ಟಿತು. ಕೆಳಗಿಡಲು ಅನುಮತಿ ಕೇಳುವ ಧೈರ್ಯ ಬರಲಿಲ್ಲ.

ಫೋನ್ ಇಟ್ಟ ಮೇಲೆ ವಸಂತಿ ನಗಲಿಲ್ಲ. ಬೈಯಲೂ ಇಲ್ಲ. ಯಂತ್ರದ ಒಂದು ಬದಿಗೆ ಕೈ ಕೊಟ್ಟಳು. "ನಿಧಾನ. ಮೆಟ್ಟಿಲಿದೆ," ಎಂದಳು. ಇಬ್ಬರೂ ಸೇರಿ ಒಳಗೆ ತಂದೆವು. ಸ್ಕ್ರೂಗಳು ಯಂತ್ರದ ಜೊತೆಗೆ ಬಂದದ್ದರಿಂದ ಅಮ್ಮ ಆಕ್ಷೇಪಿಸಲಿಲ್ಲ. ರಾಹುಕಾಲವೂ ಮುಗಿದಿತ್ತು.

ಹೊಸ ಎಸ್‌ಎಸ್‌ಡಿ ಪಟ್ಟಿಯಲ್ಲಿ ಕಾಣದಿದ್ದದ್ದು ಅದನ್ನು ಮೊದಲ ಸಲ ಸಿದ್ಧಪಡಿಸಿ ಹೆಸರು ಕೊಡಬೇಕಾದ್ದರಿಂದ ಅಂತೆ. ವಸಂತಿ ಎರಡು ನಿಮಿಷದಲ್ಲಿ ಅದನ್ನು ಮಾಡಿ, ಹದಿನೆಂಟು ಅಧ್ಯಾಯಗಳನ್ನೂ ಅದಕ್ಕೆ ಇಳಿಸಿ, ಬಾಣದ ಗುರುತಿಲ್ಲವೆಂದು ನನಗೆ ತೋರಿಸಿ, ಹಳೆಯ ಡಿಸ್ಕನ್ನು ಬಿಚ್ಚಿ ಬೀರುವಿನಲ್ಲಿಟ್ಟಳು. ಆಮೇಲೆ ಕೋಣೆಯಲ್ಲಿ ಕೂತು ಕಿವಿಗೊಟ್ಟೆವು. ಸದ್ದೇ ಇಲ್ಲ! ಯಂತ್ರ ಆನಲ್ಲಿದೆಯೇ ಎಂದು ದೀಪ ನೋಡಿ ಖಚಿತಪಡಿಸಿಕೊಳ್ಳಬೇಕಾಯಿತು.

"ಚೆನ್ನಾಗಿದೆ ರೀ," ಎಂದಳು ವಸಂತಿ. ಅವಳು ತಿರುಗಿ ನೋಡಲಿಲ್ಲ. ಆದರೂ ಹೇಳಿದಳಲ್ಲ!

ಒಂದೊಂದು ತಿದ್ದುಪಡಿಗೂ ಹಳೆಯ ಡಿಸ್ಕಿಗಾಗಿ ಕಾಯುವುದು ತಪ್ಪಿದ್ದರಿಂದ, ಮೂರೇ ದಿನದಲ್ಲಿ ಅವಳು ಉಳಿದ ಏಳರಲ್ಲಿ ಆರು ಅಧ್ಯಾಯಗಳನ್ನು ತಿದ್ದಿ ಕಳಿಸಿದಳು. ಅಮಾನತಿನ ಅಧ್ಯಾಯದಲ್ಲಿ ಮಾತ್ರ ಸದ್ದು ವಿಪರೀತವಿತ್ತು. ಎಲ್ಲಕ್ಕಿಂತ ಚಿಕ್ಕದಾದ ಅದನ್ನು ಹೊಸದಾಗಿ, ಬುಧವಾರ ಬೆಳಿಗ್ಗೆ ಒಂದೇ ಸಲಕ್ಕೆ ಓದಿ ಮುಗಿಸಿ, ಮತ್ತೆ ಕೇಳಿ ನೋಡದೆ ಕಳಿಸಿಬಿಟ್ಟಳು. ಮರುದಿನ ರತ್ನ ಫೋನ್ ಮಾಡಿದರು. ವಸಂತಿ ಸ್ಪೀಕರ್ ಹಾಕಿದಳು.

"ಮೇಡಂ, ಕನ್ನಡಿ ಥರ ಇದೆ. ನೀವು ಪುಟ ತಿರುಗಿಸೋದೂ ಕೇಳುತ್ತೆ. ಆದ್ರೆ ಒಂದು ಕಡೆ... ನೀವೇ ಕೇಳಿ."

ಅವರು ಅದನ್ನು ಹಾಕಿದರು. ವಸಂತಿ ಗಂಭೀರವಾಗಿ ಓದುತ್ತಿದ್ದಳು: "ಅಮಾನತಿನಲ್ಲಿರುವ ನೌಕರನು ಮೇಲಧಿಕಾರಿಯ ಪೂರ್ವಾನುಮತಿ ಇಲ್ಲದೆ ಕೇಂದ್ರಸ್ಥಾನವನ್ನು ಬಿಟ್ಟು ಹೋಗತಕ್ಕದ್ದಲ್ಲ." ಅದರ ಹಿಂದೆಯೇ, ದೂರದಿಂದ, ಆದರೆ ಒಂದಕ್ಷರವೂ ತಪ್ಪದೆ, ಜಗಲಿಯಲ್ಲಿ ನಿಂತು ಕಚೇರಿಯ ಗೆಳೆಯನಿಗೆ ಫೋನಿನಲ್ಲಿ ಹೇಳುತ್ತಿದ್ದ ನನ್ನ ಧ್ವನಿ: "ಯಾರನ್ನೂ ಕೇಳಲಿಲ್ಲ ಕಣಯ್ಯಾ! ಒಬ್ಬನೇ ಬಿಚ್ಚಿದೆ, ಒಬ್ಬನೇ ಜೋಡಿಸಿದೆ. ಹತ್ತು ನಿಮಿಷದ ಕೆಲಸ!"

ವಸಂತಿ ನನ್ನ ಕಡೆ ನೋಡಿದಳು. ನಾನು ಸೂರು ನೋಡಿದೆ.

"ಕ್ಷಮಿಸಿ ರತ್ನಾ. ಆ ಭಾಗ ಮತ್ತೆ ಓದಿ ಕಳಿಸ್ತೀನಿ."

"ಅಯ್ಯೋ ಬೇಡ ಮೇಡಂ! ಈ ನಿಯಮ ಒಂದೇ ನನಗೆ ಪ್ರತಿಸಲ ಮರೆತು ಹೋಗ್ತಿದ್ದಿದ್ದು. ಇನ್ನು ಜನ್ಮದಲ್ಲಿ ಮರೆಯಲ್ಲ. ನಮ್ಮ ಜೊತೆ ಪರೀಕ್ಷೆ ತಗೊಂಡಿರೋರಿಗೂ ಇದನ್ನೇ ಕೊಟ್ಟಿದೀನಿ. ಎಲ್ಲರೂ ಸಾರ್‌ನ ಕೇಳಿದೆ ಅಂತ ಹೇಳಿ ಅಂದ್ರು."

ಪರೀಕ್ಷೆ ಮುಗಿಸಿ ಬಂದ ದಿನ ರತ್ನ ಮೊದಲು ಫೋನ್ ಮಾಡಿದ್ದು ನಮಗೆ. ಪ್ರಶ್ನೆಪತ್ರಿಕೆಯಲ್ಲಿ ಅಮಾನತಿನ ಪ್ರಶ್ನೆ ಬಂದಿತ್ತಂತೆ. ತಮಗಾಗಿ ಉತ್ತರ ಬರೆಯುವವರಿಗೆ ಒಂದು ಸಲವೂ ತಡವರಿಸದೆ ಹೇಳಿದರಂತೆ. ಫಲಿತಾಂಶ ಇನ್ನೂ ಬರಬೇಕು. "ಈ ಸಲ ಆಗುತ್ತೆ ಸಾರ್," ಎಂದರು. ಅವರ ಧ್ವನಿ ಸ್ವಲ್ಪವೂ ನಡುಗುತ್ತಿರಲಿಲ್ಲ.

ವಸಂತಿ ಈಗ ಮುಂದಿನ ಪುಸ್ತಕ ಹಿಡಿದಿದ್ದಾಳೆ. ಅವಳು ಓದಲು ಕೂತಾಗ ನಾನು ಮನೆಯಲ್ಲಿ ಇರುವಂತಿಲ್ಲ. ಪ್ರತಿದಿನ ಬೆಳಿಗ್ಗೆ ಒಂದು ಗಂಟೆ ರಸ್ತೆಯಲ್ಲಿ ನಡೆದಾಡುತ್ತೇನೆ. ಯಂತ್ರದೊಳಗೆ ಸದ್ದು ಮಾಡುವ ಭಾಗ ಈಗ ಒಂದೂ ಇಲ್ಲ. ಮನೆಯೊಳಗೆ ಒಂದು ಇದೆ. ಅದಕ್ಕೂ ಬದಲಿ ಸಿಗಬಹುದೇ ಎಂದು ವಸಂತಿ ಪ್ರಭಾವತಿಯವರನ್ನು ವಿಚಾರಿಸಿದಳಂತೆ. ತುಂಬಾ ಹಳೆಯ ಮಾಡೆಲ್ಲು, ಹೀಗೇ ನಡೆಸಿಕೊಂಡು ಹೋಗಿ ಎಂದರಂತೆ!